ಮಲ್ಯಾಗೊಂದು ಪತ್ರ: ಎಂಟು ಟೊಮೆಟೊ, ಒಂದು ಬುತ್ತಿ

ಲೇ ಮಲ್ಯಾ,

ನೀ ವಾಟ್ಸಾಪ್‌ನ್ಯಾಗ ಕೇಳಿ ಹದಿನೈದು ದಿನ ಆತು. "ನಮ್ಮ ತಮ್ಮ ಡಿಗ್ರಿ ಓದ್ಲತ್ತಾನ, ಟೈಮ್ ಹ್ಯಾಂಗ ಹೊಂದಿಸಬೇಕು ಅಂತ ಜರಾ ಬರ್ದು ಕಳಸು, ನೀ ಅದ್ರಾಗ ಎಕ್ಸ್‌ಪರ್ಟ್ ಇದ್ದೀ" ಅಂದಿದ್ದಿ. ಆ ಕಡೀ ಮಾತು ಚಾಷ್ಟಿನೋ ಖರೇನೋ ತಿಳೀಲಿಲ್ಲ. ಖರೇ ಅಂತನೇ ತಿಳ್ಕೊಂಡು ಇಲ್ಲೇ, ನಾಕು ಮಂದಿ ಮುಂದ, ಉತ್ತರ ಬರೀಲತ್ತೀನಿ. ಕೆಳಗ ಕಮೆಂಟಿನ್ಯಾಗ ಚಾದರದ ವಿಷಯ ಮಾತ್ರ ತಗೀಬ್ಯಾಡ.

ಮೊದಲು ತಮ್ಮಗ ಹೇಳೋದು. ಓದೋದೇನಿದ್ರೂ ಮುಂಜಾನಿ ಮುಗಸು ಅನ್ನು. ಏಪ್ರಿಲ್ ಬಂತಂದ್ರ ಕಲಬುರಗಿ ಬಿಸಲು 42 ಡಿಗ್ರಿ ದಾಟ್ತದ, ಮಧ್ಯಾಹ್ನ ಪುಸ್ತಕ ಹಿಡಿದವನ ಮಾರಿ ಮ್ಯಾಲೇ ಪುಸ್ತಕ ಬೀಳ್ತದ. ಆಮೇಲೆ ಟೊಮೆಟೊ. ನಗಬ್ಯಾಡ. ಇಟಲಿದಾಗ ಫ್ರಾನ್ಸೆಸ್ಕೊ ಸಿರಿಲೊ ಅನ್ನವ 1980ರ ದಶಕದ ಕಡೀಗೆ ನಮ್ಮಂಗೇ ಕಾಲೇಜಿನ್ಯಾಗ ಓದಲಾರದೆ ಒದ್ದಾಡ್ಲತ್ತಿದ್ದ. ಅಡಗಿಮನಿದಾಗ ಇಡೋ ಟೊಮೆಟೊ ಆಕಾರದ ಗಡಿಯಾರ ತಂದು, ಅದು ಗಂಟಿ ಹೊಡಿಯೋ ತನಕ ಏಳಂಗಿಲ್ಲ ಅಂತ ತನಗ ತಾನೇ ಪಂಥ ಕಟ್ಟಿದ. 25 ನಿಮಿಷ ಓದು, 5 ನಿಮಿಷ ಬಿಡುವು, ನಾಕು ಸಲ ಆದ ಮ್ಯಾಲ ದೊಡ್ಡ ಬಿಡುವು. ಪೊಮೊಡೊರೊ ಅಂದ್ರ ಅವರ ಭಾಷಾದಾಗ ಟೊಮೆಟೊನೇ.

ಇನ್ನೊಬ್ಬವ ಎಬಿಂಗ್‌ಹಾಸ್, ಜರ್ಮನಿಯವ. ಅರ್ಥನೇ ಇಲ್ಲದ ಅಕ್ಷರ ಬಾಯಿಪಾಠ ಮಾಡಿ, ಎಷ್ಟು ತಾಸಿಗೆ ಎಷ್ಟು ಮರೀತೀನಿ ಅಂತ ತನ್ನ ತಲಿನೇ ಅಳದು 1885ರಾಗ ಪುಸ್ತಕ ತಂದ. (ಅರ್ಥ ಇಲ್ಲದ್ದನ್ನ ಬಾಯಿಪಾಠ ಮಾಡೋದು ನಮಗ ಹೊಸದಲ್ಲ, ಎರಡನೇ ಸೆಮಿಸ್ಟರ್ ನೆನಪಿಸಿಕೋ.) ಓದಿದ ಮರುದಿನ ಒಮ್ಮೆ, ವಾರಕ್ಕ ಒಮ್ಮೆ ತಿರುವಿ ಹಾಕಿದ್ರ ಪರೀಕ್ಷಾ ಹಿಂದಿನ ರಾತ್ರಿ ಚಾ ಕುಡದು ಕೂಡೋದು ತಪ್ತದ. ಮತ್ತ ನಿದ್ದಿ ಬಿಟ್ಟು ಓದಿದ್ದು ನಿಲ್ಲಂಗಿಲ್ಲ. ನಿನ್ನ ತಮ್ಮಗ ಇಷ್ಟು ಸಾಕು.

ನಾ ಏನು ಮಾಡ್ದೆ ಗೊತ್ತದ? ನೀ ಬೆಂಗಳೂರಿನಿಂದ ತಂದುಕೊಟ್ಟ ಡೈರಿದಾಗ ಗೆರಿ ಹೊಡದು ಖಾನಿ ಮಾಡ್ದೆ. ಓದಿಗಿ ನೀಲಿ, ನೆಟ್ ಪರೀಕ್ಷಾಕ ಕೆಂಪು, 'ಬ್ಯಾಲೆನ್ಸ್' ಅಂತ ಒಂದು ಖಾನಿಗಿ ಹಸುರು. ಹಸುರಿನ್ಯಾಗ ಏನೇನು ಬರ್ದಿದ್ದೆ ಕೇಳು: ಐತವಾರ ಕಲಬುರಗಿ 'ಅಪ್ಪನ ಕೆರಿ' ಎರಡು ಸುತ್ತು. ಗೆಳೆಯರ ಜೋಡಿ ಚಾ, 15 ನಿಮಿಷ. ಅಪ್ಪ-ಅವ್ವಗ ಫೋನ್, 5 ನಿಮಿಷ. ಎಲ್ಲಾದಕ್ಕೂ ಟಿಕ್. ಸಂಜಿಕ್ ಎಂಟು ಟೊಮೆಟೊ ಆದ್ವಂದ್ರ ಮಿರ್ಚಿ ಬಜಿ, ಇಲ್ಲಂದ್ರ ಇಲ್ಲ. ಹಾಸ್ಟೆಲ್ ಹುಡುಗರು ನನ್ನ ರೂಮಿಗಿ 'ತರಕಾರಿ ಮಾರ್ಕೆಟ್' ಅಂತ ಹೆಸರಿಟ್ಟಾರ. ಅಪ್ಪಗ ಮಾತ್ರ ಭಾಳ ಹೆಮ್ಮಿ. ನಮ್ಮ ಭಾಗದವರಿಗಿ ನೌಕರಿ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್‌ಗ ಆಗಲೇ ಲ್ಯಾಮಿನೇಷನ್ ಮಾಡಿಸಿ ಇಟ್ಟಾನ, ನೌಕರಿ ಒಂದು ಬರೋದು ಬಾಕಿ.

ಇಲ್ಲಿಗೇ ಪತ್ರ ಮುಗಸ್ತಿದ್ದೆ. ಆದ್ರ ಎಳ್ಳಮಾಸಿ ಹಬ್ಬದ್ದು ಒಂದು ಉಳದದ. ಅದನ್ನ ಯಾರಿಗೂ ಹೇಳಿಲ್ಲ.

ಈ ಸಲ ಎಳ್ಳಮಾಸಿಗಿ ನಾ ಊರಿಗಿ ಹೋಗ್ಲಿಲ್ಲ. ಪರೀಕ್ಷಾ ಇತ್ತು, ಖರೇ. ಆದ್ರ ಎರಡು ತಾಸಿನ ದಾರಿ, ಹೋಗಿ ಭೂಮಿತಾಯಿಗಿ ಚರಗ ಚೆಲ್ಲಿ, ಹೊಲದಾಗ ಉಂಡು, ಸಂಜಿ ವಾಪಸ್ ಬರಬಹುದಿತ್ತು. ಡೈರಿದಾಗ ಲೆಕ್ಕ ಹಾಕಿದೆ, ಹನ್ನೊಂದು ಟೊಮೆಟೊ ಹೋಗ್ತಾವ. ಬ್ಯಾಡ ಅಂದೆ. ಅವ್ವ ಏನೂ ಅನ್ಲಿಲ್ಲ. "ಮರುದಿನ ವಸ್ತಿ ಬಸ್ಸಿಗಿ ಬುತ್ತಿ ಇಡ್ತೀನಿ, ಒಂಬತ್ತೂವರಿಗಿ ಬಸ್‌ಸ್ಟ್ಯಾಂಡಿಗಿ ಹೋಗಿ ಇಸ್ಕೋ" ಅಂದ್ಲು. ಹ್ಞೂಂ ಅಂದೆ.

ಮರುದಿನ ಒಂಬತ್ತಕ್ಕ ಓದ್ಲಾಕ ಕುಂತೆ. ಫೋನ್ ಏರೋಪ್ಲೇನ್ ಮೋಡಿಗಿ ಹಾಕಿ ಉಲ್ಟಾ ಇಟ್ಟೆ. ಒಂದು ಟೊಮೆಟೊ ಮುಗಿಸಿ ಹೋದ್ರಾತು ಅಂದೆ. ಮುಗೀತು. ಲೈಬ್ರರಿದಾಗ ತಣ್ಣಗಿತ್ತು, ಅವತ್ತು ತಲಿ ಭಾಳ ಛಲೋ ಓಡ್ಲತ್ತಿತ್ತು, ಇನ್ನೊಂದು ಅಂದೆ. ಎದ್ದಾಗ ಹನ್ನೆರಡೂವರಿ. ಬುತ್ತಿ ಬಸ್‌ಸ್ಟ್ಯಾಂಡಿನ್ಯಾಗ ಯಾರ ಹತ್ರರೆ ಇಟ್ಟಿರ್ತಾರ, ನಾಳಿ ಮುಂಜಾನಿ ತಂದ್ರಾತು ಅಂತ ಬಿಟ್ಟೆ. ಅವತ್ತು ಎಂಟಲ್ಲ, ಒಂಬತ್ತು ಟೊಮೆಟೊ ಆಗಿದ್ವು.

ರಾತ್ರಿ ಒಂಬತ್ತಕ್ಕ ಅವ್ವನ ಫೋನ್.

"ಊಟ ಆತೇನೊ?"

"ಆತವ್ವಾ. ನೀ ಕಳಿಸಿದ್ದೇ ಉಂಡೆ. ಸಜ್ಜಿ ಕಡಬು ಭಾರಿ ಆಗ್ಯಾವ."

ಅಕಿ ಜರಾ ಹೊತ್ತು ಸುಮ್ಮನಾದ್ಲು. ಆಮೇಲೆ ಕೇಳಿದ್ಲು: "ಭಜ್ಜಿಗಿ ಖಾರ ಹೆಚ್ಚಾಗಿತ್ತೇನು?"

"ಇಲ್ಲವ್ವಾ, ಬರೋಬ್ಬರಿ ಆಗಿತ್ತು."

"ಛಲೋ ಆತು ಬಿಡು. ಮಲ್ಕೊ."

ಫೋನ್ ಇಟ್ಟು ಹಸುರು ಖಾನಿದಾಗ ಟಿಕ್ ಹಾಕಿದೆ ಮಲ್ಯಾ. ಅಪ್ಪ-ಅವ್ವಗ ಫೋನ್, 5 ನಿಮಿಷ. ಎರಡೇ ನಿಮಿಷದಾಗ ಮುಗದಿತ್ತು, ಮೂರು ನಿಮಿಷ ಉಳೀತು ಅಂತ ಖುಷಿನೂ ಆಗಿತ್ತು.

ಮರುದಿನ ಬಸ್‌ಸ್ಟ್ಯಾಂಡಿಗಿ ಹೋಗಿ ವಿಚಾರಿಸಿದೆ, ಸಿಗ್ಲಿಲ್ಲ. ಯಾರೋ ಒಯ್ದಿರಬೇಕು ಅಂತ ಬಂದೆ.

ಸಂಕ್ರಾಂತಿಗಿ ಊರಿಗಿ ಹೋದೆ. ಅಂಗಳದಾಗ ತೊಗರಿ ರಾಶಿ, ಅಪ್ಪ ಮೂಗಿಗಿ ಟವೆಲ್ ಕಟ್ಕೊಂಡು ಚೀಲ ಹೊಲೀಲತ್ತಿದ್ದ. ಒಳಗ ಗೂಡಿನ್ಯಾಗ ನನ್ನ ಹಳೀ ಲುಂಗಿ ಅರಿವಿ ಒಗದು ಮಡಚಿ ಇಟ್ಟಿದ್ರು, ಅವ್ವ ಯಾವಾಗಲೂ ಬುತ್ತಿ ಕಟ್ಟೋ ಅರಿವಿ. ಅದರ ಮ್ಯಾಲ ಪಿನ್ ಚುಚ್ಚಿದ ಚೀಟಿ. ತಂಗಿ ಅಕ್ಷರದಾಗ ನನ್ನ ಹೆಸರು, ಹಾಸ್ಟೆಲ್, ರೂಮ್ ನಂಬರ್. ಚೀಟಿ ಒಂದು ಮೂಲಿಗಿ ಎಣ್ಣಿ ಹತ್ತಿತ್ತು, ಶೇಂಗಾ ಹಿಂಡಿದಿರಬೇಕು. ನನ್ನ ಹೆಸರಿರೋ ಕಾಗದ ಅವ್ವ ಒಗಿಯಂಗಿಲ್ಲ, ನಿನಗ ಗೊತ್ತದ.

ಅದನ್ನೇ ನೋಡ್ಕೋತ ನಿಂತಿದ್ದೆ. ತಂಗಿ ಬಂದು, "ಅಣ್ಣಾ, ನಿನ್ನ ಪಾಲಿನ ಕಡಬು ನಾನೇ ತಿಂದೆ. ಅವತ್ತು ಬಸ್ ಸಂಜಿ ವಾಪಸ್ ತಂತಲ್ಲ" ಅಂದ್ಲು.

ವಸ್ತಿ ಬಸ್ ಊರು ಮುಟ್ಟೋದು ಏಳಕ್ಕ. ಅವ್ವ ಫೋನ್ ಮಾಡಿದ್ದು ಒಂಬತ್ತಕ್ಕ. ಬುತ್ತಿ ಅಕಿ ಮುಂದೇ ಇತ್ತು. ಅದನ್ನ ಮುಂದಿಟ್ಕೊಂಡೇ ಅಕಿ ಖಾರ ಕೇಳಿದ್ದು.

ನಾ ಸುಳ್ಳು ಹೇಳಿದ್ದಕ್ಕಿಂತ, ನನಗ ನಾಚಿಕಿ ಆಗಬಾರದು ಅಂತ ಅಕಿ ಆ ಸುಳ್ಳನ್ನ ಹಂಗೇ ಹಿಡ್ಕೊಂಡು ನಿಂತಿದ್ದು ನನಗ ತಡೀಲಾಕ ಆಗವಲ್ದು. ಈಗೂ ಫೋನಿನ್ಯಾಗ 'ಊಟ ಆತೇನೊ' ಅಂದ್ರ ನಾ ಜರಾ ತಡೀತೀನಿ. ಅಕಿನೂ ತಡೀತಾಳ. ಅವತ್ತಿನ ವಿಷಯ ಇಬ್ಬರೂ ಎತ್ತಿಲ್ಲ.

ತಮಾಷಿ ಏನಂದ್ರ, ಆ ಒಂಬತ್ತು ಟೊಮೆಟೊದಾಗ ನಾ ಓದಿದ್ದು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪಾಠ. ನಮ್ಮ ಬಸವಕಲ್ಯಾಣದಾಗ ಮಾರಯ್ಯ ಒಂದಿನ ಬೇಕಾದಕಿಂತ ಹೆಚ್ಚು ಅಕ್ಕಿ ಆರಿಸ್ಕೊಂಡು ಬರ್ತಾನ, ಲಕ್ಕಮ್ಮ ಇಷ್ಟ್ಯಾಕ ನಮಗ, ಎಲ್ಲಿಂದ ತಂದಿಯೋ ಅಲ್ಲೇ ಸುರುವಿ ಬಾ ಅಂತ ಕಳಸ್ತಾಳ. ಪರೀಕ್ಷಾದಾಗ ಅದೇ ಪ್ರಶ್ನಿ ಬಂತು. ಐದು ಪುಟ ಬರ್ದೆ, ಅಡ್ಡಗೆರಿ ಎಳದು, ಎರಡು ಬಣ್ಣದ ಪೆನ್ನಿನ್ಯಾಗ.

ಇರ್ಲಿ, ಭಾಳ ಆತು. ನಿನ್ನ ತಮ್ಮಗ ಈ ಅರ್ಧ ಓದಿಸಬ್ಯಾಡ, ಟೊಮೆಟೊ ತನಕ ಓದಿಸು. ಡೈರಿ ಬಿಟ್ಟಿಯೇನು ಅಂತ ಕೇಳ್ತಿ. ಬಿಟ್ಟಿಲ್ಲಪಾ, ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಈ ಪತ್ರಕ್ಕ ಎರಡು ಟೊಮೆಟೊ ಇಟ್ಟಿದ್ದೆ, ಈಗ ಐದನೇದು ನಡದದ. ಹಸುರು ಖಾನಿಗಿ ಬರೀಬೇಕೋ ಕೆಂಪಿಗೋ ತಿಳೀವಲ್ದು.

ಅವ್ವ ಇವೆಲ್ಲ ನೋಡಂಗಿಲ್ಲ, ಆದ್ರ ತಂಗಿ ನೋಡ್ತಾಳ. ಲೇ ತಂಗಿ, ಇದು ಬರೀ ಕಥಿ. ಲೈಕ್ ಒತ್ತಿ ಸುಮ್ಮನಿರು, ಅವ್ವಗ ಓದಿ ಹೇಳಬ್ಯಾಡ.

ಮಲ್ಯಾ, ಶಿವರಾತ್ರಿಗಿ ಬರ್ತೀ ಅಂದ್ರ ಮೊದಲೇ ತಿಳಸು, ಬಸ್‌ಸ್ಟ್ಯಾಂಡಿಗಿ ಬರ್ತೀನಿ. ಟೈಮಿಗಿ. ಮತ್ತ ಚಾದರ ನನ್ನ ಹತ್ರ ಇಲ್ಲ, ದೇವರಾಣಿ.

ನಿನ್ನ,
ತರಕಾರಿ ಮಾರ್ಕೆಟ್