ಸಂಜೆ ಏಳರ ಪಾಠಕ್ಕೂ ಹಾಜರಿ ಕೊಡಿ: ಈಶಾನ್ಯ ಶಿಕ್ಷಕರ ಕ್ಷೇತ್ರದ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ವಿಧಾನ ಪರಿಷತ್ ಸದಸ್ಯರಿಗೆ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಮತದಾರಳಲ್ಲ. ಶಿಕ್ಷಕರ ಕ್ಷೇತ್ರದ ಪಟ್ಟಿಯಲ್ಲಿ ಹೆಸರು ಇರಬೇಕಾದರೆ ಪ್ರೌಢಶಾಲೆಯಲ್ಲೋ ಅದಕ್ಕಿಂತ ಮೇಲೋ ಪಾಠ ಮಾಡಿರಬೇಕು. ನಾನು ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಅಂದರೆ ವರ್ಷ ವರ್ಷ ಗೌರವಧನದ ಮೇಲೆ ನೇಮಕವಾಗುವವಳು. ಆದರೂ ನಿಮಗೇ ಬರೆಯುತ್ತಿದ್ದೇನೆ. ಬೀದರ್‌ನಿಂದ ಬಳ್ಳಾರಿವರೆಗೆ ಶಿಕ್ಷಕರ ಕಷ್ಟವನ್ನು ಸದನದಲ್ಲಿ ಎತ್ತಲಿಕ್ಕೇ ಇರುವ ಸ್ಥಾನ ನಿಮ್ಮದು. ನಮ್ಮ ಕಷ್ಟ ಬೇರೆ ಯಾರ ಬಾಗಿಲಿಗೆ ಒಯ್ಯಬೇಕು ಹೇಳಿ.

ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. 2020ರ ಆಗಸ್ಟ್‌ನಿಂದ 2021ರ ಅಕ್ಟೋಬರ್‌ವರೆಗೆ ಯಾವ ಸಂಜೆ ಯಾವ ಮಗುವಿಗೆ ಫೋನ್ ಮಾಡಿದೆ, ಏನು ಓದಿಸಿದೆ, ಯಾರು ಎತ್ತಲಿಲ್ಲ, ಎಲ್ಲ ಅದರಲ್ಲಿದೆ. ಆ ಕೆಲಸ ಸರಕಾರದ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ನಿಮ್ಮ ಮುಂದೆ ಇಡಬೇಕು ಅಂತಲೇ ಈ ಪತ್ರ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್‌ನಲ್ಲಿ. ಆಮೇಲೆ ಶಾಲೆಗಳು ಮುಚ್ಚಿದವು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ತಾಂಡಾದ ಜನ ವಾಪಸ್ ಬಂದರು. ಅವರನ್ನು ಕ್ವಾರಂಟೈನ್ ಅಂತ ಇಟ್ಟಿದ್ದು ಶಾಲೆಗಳಲ್ಲೇ. ಕಾಯಂ ಶಿಕ್ಷಕರಿಗೆ ಅಲ್ಲಿನ ಡ್ಯೂಟಿ, ಮನೆಮನೆ ಸರ್ವೆ. ಆ ಜೂನ್‌ನಲ್ಲಿ ಅತಿಥಿ ಶಿಕ್ಷಕರ ನೇಮಕ ಆಗಲಿಲ್ಲ. ಶಾಲೆಯೇ ತೆರೆದಿಲ್ಲ, ಇವರೇಕೆ ಬೇಕು ಎನ್ನುವ ಲೆಕ್ಕ ಇರಬೇಕು.

ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ಸರಕಾರದ ಕಾರ್ಯಕ್ರಮ. ಗುಡಿ ಕಟ್ಟೆ, ಬೇವಿನ ಮರ, ಸಮುದಾಯ ಭವನ, ಎಲ್ಲಿ ನೆರಳು ಸಿಕ್ಕರೆ ಅಲ್ಲಿ ಪಾಠ. ನಮ್ಮ ಹೆಡ್‌ಮಾಸ್ತರು ಫೋನ್ ಮಾಡಿ, "ಟೀಚರ್, ಇದ್ದವರು ಇಬ್ಬರೇ ಇದ್ದೀವಿ. ಮಕ್ಕಳು ಕೈ ಬಿಟ್ಟು ಹೋಗ್ತಾವ, ನೀವು ಒಂದಿಷ್ಟು ಬರ್ರಿ" ಅಂದರು. ಹೋದೆ. ಸಂಬಳದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅವರ ಕೈಯಲ್ಲಿ ಏನೂ ಇರಲಿಲ್ಲ ಅಂತ ನನಗೆ ಗೊತ್ತಿತ್ತು.

ಮಕ್ಕಳನ್ನು ಮೂರು ಗುಂಪು ಮಾಡಿದ್ದೆವು. ಮನೆಯಲ್ಲಿ ಫೋನೇ ಇಲ್ಲದವರು, ಗುಂಡಿ ಫೋನ್ ಇದ್ದವರು, ಇಂಟರ್‌ನೆಟ್ ಇರುವ ಫೋನ್ ಇದ್ದವರು. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಆದರೆ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಆಗಸ್ಟ್ ಅಂದರೆ ಹೆಸರುಕಾಳು ಬಿಡಿಸುವ ಕಾಲ, ಡಿಸೆಂಬರ್ ಬಂದರೆ ತೊಗರಿ ರಾಶಿ. ಹಗಲು ಫೋನ್ ಮಾಡಿದರೆ ಹೊಲದಿಂದ ಅಪ್ಪನೇ ಎತ್ತುತ್ತಿದ್ದರು, "ಹುಡುಗ ಮನ್ಯಾಗ ಇದ್ದಾನ್ರಿ, ಫೋನ್ ನನ್ನ ಹತ್ರ ಅದ." ಅವರು ಮನೆಗೆ ಬರುವುದು ಸಂಜೆ ಏಳಕ್ಕೆ. ಹಾಗಾಗಿ ನನ್ನ ಎರಡನೇ ಶಾಲೆ ಸಂಜೆ ಏಳಕ್ಕೆ ಶುರುವಾಗುತ್ತಿತ್ತು. ನಾಲ್ಕು ಗುಂಡಿ ಫೋನ್‌ಗಳನ್ನು ಒಂದೇ ಕರೆಯಲ್ಲಿ ಸೇರಿಸಿ, ಒಬ್ಬರ ನಂತರ ಒಬ್ಬರಿಗೆ ಪಾಠ ಓದಿಸುತ್ತಿದ್ದೆ. ಒಂದು ಮನೆಯಲ್ಲಿ ನಾಯಿ ಬೊಗಳಿದರೆ ನಾಲ್ಕೂ ಮಕ್ಕಳು ನಗುತ್ತಿದ್ದರು. ಅಷ್ಟು ದಿನಗಳಲ್ಲಿ ಅವರು ಒಟ್ಟಿಗೆ ನಕ್ಕಿದ್ದು ಆ ಕರೆಯಲ್ಲಿ ಮಾತ್ರ ಅನಿಸುತ್ತದೆ. ನೆಟ್‌ವರ್ಕ್‌ಗಾಗಿ ನಾನು ನಮ್ಮ ಮನೆ ಮಾಳಿಗೆ ಹತ್ತಿ ಕೂರುತ್ತಿದ್ದೆ, ಮಳೆ ಬಂದರೆ ಛತ್ರಿ ಹಿಡಿದು.

ಒಂದನೇ ತರಗತಿ ಮಕ್ಕಳ ಮಾತು ಬೇರೆಯೇ. ನಮ್ಮ ತಾಂಡಾದ ಮಗು ಮನೆಯಲ್ಲಿ ಮಾತಾಡುವುದು ಲಂಬಾಣಿ. ಶಾಲೆಗೆ ಬಂದು, ಟೀಚರ್ ಮುಖ ನೋಡಿ, ತುಟಿ ಆಡುವುದನ್ನು ನೋಡಿ ಅದಕ್ಕೆ ಕನ್ನಡ ಬರುತ್ತದೆ. ಸಣ್ಣ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಕಾರ್ಡ್ ಹಿಡಿದು, ಹಾಡಿ, ನೆಲದ ಮೇಲೆ ಕೂತು ಕಲಿಸುತ್ತೇವೆ. ಅದನ್ನು ಫೋನಿನಲ್ಲಿ ಹೇಗೆ ಮಾಡೋದು? ನಾನು 'ರ' ಅಂದರೆ ಆ ಕಡೆಯಿಂದ ಬರೀ ಉಸಿರು ಕೇಳುತ್ತಿತ್ತು. ಕೊನೆಗೆ ತಾಯಿಗೆ ಕೇಳಿದೆ. ಅವಳಿಗೂ ಅಕ್ಷರ ಬರುತ್ತಿರಲಿಲ್ಲ. ಮರುದಿನ ನಡೆದುಕೊಂಡು ಹೋಗಿ ಅಂಗಳದಲ್ಲಿ ಕೂತು ತಾಯಿಗೂ ಮಗುವಿಗೂ ಸೇರಿಸಿ ಹೇಳಿಕೊಟ್ಟೆ. ಬಿಸಿಯೂಟದ ಬದಲು ಅಕ್ಕಿ ಬೇಳೆ ಕೊಡುವ ದಿನ ಅವಳು ಚೀಲದ ಜತೆಗೆ ಸ್ಲೇಟನ್ನೂ ಹಿಡಿದು ಬಂದಳು. ಮಗು ಬರೆದದ್ದನ್ನು ತೋರಿಸಲಿಕ್ಕೆ.

2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಆ ಮಕ್ಕಳು ಮೊದಲ ಬಾರಿ ತರಗತಿಯಲ್ಲಿ ಕೂತಿದ್ದು 2021ರ ಅಕ್ಟೋಬರ್ 25ರಂದು. ಆಗ ಅವರು ಎರಡನೇ ತರಗತಿಯಲ್ಲಿದ್ದರು! ಈ ಮಾತು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

2020ರ ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮ ನಿಂತಿತು. ನಿಲ್ಲಿಸಿದ್ದು ಸರಿ, ಮಕ್ಕಳ ಜೀವ ದೊಡ್ಡದು. ಅದೇ ತಿಂಗಳು ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳು ನೀರಲ್ಲಿ ನಿಂತವು. 2021ರ ಜನವರಿ 1ರಿಂದ ಆರನೇ ತರಗತಿಯಿಂದ ಮೇಲಿನವರಿಗೆ ಶಾಲೆಯ ಅಂಗಳದಲ್ಲಿ ಮತ್ತೆ ಪಾಠ ಶುರುವಾಯಿತು. ಎರಡನೇ ಅಲೆ ಬಂತು, ಮತ್ತೆ ಬಂದ್.

ಎಲ್ಲಕ್ಕಿಂತ ಜಾಸ್ತಿ ಕಷ್ಟ ಆಗಿದ್ದು ಶಾಲೆ ಪೂರಾ ಮುಚ್ಚಿದ್ದಾಗ ಅಲ್ಲ, ಅರ್ಧ ತೆರೆದಾಗ. 2021ರ ಸೆಪ್ಟೆಂಬರ್ 6ರಿಂದ 6, 7, 8ನೇ ತರಗತಿ ಮಕ್ಕಳು ಬಂದರು. ಒಂದರಿಂದ ಐದರವರು ಇನ್ನೂ ಮನೆಯಲ್ಲೇ. ಬೆಳಗ್ಗೆ ಮಾಸ್ಕ್ ಹಾಕಿಕೊಂಡು ದೂರ ದೂರ ಕೂರಿಸಿ ಪಾಠ, ಮಧ್ಯಾಹ್ನ ಸಣ್ಣ ಮಕ್ಕಳ ಮನೆಗೆ ಅಭ್ಯಾಸದ ಹಾಳೆ ಮುಟ್ಟಿಸುವುದು, ಸಂಜೆ ಏಳರಿಂದ ಒಂಬತ್ತರವರೆಗೆ ಫೋನ್. ಸ್ಮಾರ್ಟ್‌ಫೋನ್ ಇದ್ದವರು ಬರೆದದ್ದರ ಫೋಟೊ ಹತ್ತು ಗಂಟೆಗೆ ಕಳಿಸುತ್ತಿದ್ದರು. ತಿದ್ದಿ ಕಳಿಸದಿದ್ದರೆ ಮಗು ಮರುದಿನ ಬರೆಯುವುದಿಲ್ಲ. ನನ್ನದೇ ಮಗಳು ಆಗ ಮೂರನೇ ತರಗತಿ. ಅವಳಿಗೆ ಅಕ್ಷರ ತಿದ್ದಲು ನನಗೆ ಹೊತ್ತು ಸಿಗಲಿಲ್ಲ, ನಮ್ಮ ಅತ್ತೆ ಪಕ್ಕ ಕೂರಿಸಿಕೊಂಡು ಕಾಪಿ ಬರೆಸಿದರು.

ಆ ವರ್ಷ ನನಗೆ ನೇಮಕವಾಯಿತು, ಆದರೆ ತಡವಾಗಿ. ಪತ್ರದ ತಾರೀಖಿನಿಂದ ಮಾತ್ರ ಗೌರವಧನ. ಪ್ರಾಥಮಿಕಕ್ಕೆ ಆಗ ತಿಂಗಳಿಗೆ 7,500 ರೂಪಾಯಿ, ಅದೂ ಕೈಗೆ ಬಂದದ್ದು ಎಷ್ಟೋ ತಿಂಗಳ ಮೇಲೆ. ಅದರಲ್ಲೇ 28 ದಿನಕ್ಕೊಮ್ಮೆ ನನ್ನ ರೀಚಾರ್ಜ್. ಎರಡು ಮನೆಗೆ ನಾನೇ ರೀಚಾರ್ಜ್ ಹಾಕಿಸಿದ್ದೂ ಉಂಟು, ಆ ಮಕ್ಕಳು ಕರೆಗೆ ಕಾಯುತ್ತಿದ್ದರು. ಒಮ್ಮೆ ಗೌರವಧನದ ಬಿಲ್ ವಿಚಾರಿಸಲು ಕಚೇರಿಗೆ ಹೋದಾಗ ಮೇಜಿನ ಆಚೆ ಇದ್ದವರು ಹಾಜರಿ ಪುಸ್ತಕ ತಿರುವಿ, "ಮನ್ಯಾಗ ಕೂತು ಫೋನ್ ಮಾಡಿದ್ದಕ್ಕ ಹಾಜರಿ ಎಲ್ಲಿರ್ತದ ಮೇಡಂ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಅವರು ತಾನೇ ಏನು ಮಾಡಿಯಾರು.

ಮಾನ್ಯರೇ, ಗೌರವಧನ ಆಮೇಲೆ ಏರಿದೆ. 2022ರಲ್ಲಿ ಪ್ರಾಥಮಿಕಕ್ಕೆ 10,000 ಆಯಿತು, 2025ರ ಬಜೆಟ್‌ನಲ್ಲಿ ಇನ್ನೂ 2,000 ಸೇರಿಸಿದರು. ಇದಕ್ಕೆ ನಾನು ಮನಸಾರೆ ಋಣಿ. ಆದರೆ ಹಾಜರಿಯ ಪುಸ್ತಕ ಹಾಗೇ ಇದೆ. ಫೋನಿನ ಕೆಲಸವಂತೂ ಕೋವಿಡ್ ಹೋದರೂ ಹೋಗಲಿಲ್ಲ. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರೆ ಮಕ್ಕಳ ವಾಟ್ಸ್‌ಆ್ಯಪ್ ಗುಂಪಿಗೆ ಮನೆಗೆಲಸ ಹಾಕುವುದು ನಾವೇ. ದೀಪಾವಳಿ ಮುಗಿಯುತ್ತಲೇ ತಂದೆತಾಯಿ ಜತೆ ಕಬ್ಬು ಕಡಿಯಲು ಹೋದ ಮಗುವಿಗೆ ಫೋನ್ ಮಾಡಿ ಪಾಠ ಹೇಳುವುದೂ ನಾವೇ. ನಾಳೆ ಇನ್ನೊಂದು ರೋಗ ಬಂದರೆ ಮತ್ತೆ ಮೊದಲು ನಿಲ್ಲುವುದು ಅತಿಥಿ ಶಿಕ್ಷಕರ ನೇಮಕವೇ ಅಲ್ವಾ?

ಅದಕ್ಕೆ ನಿಮ್ಮಲ್ಲಿ ಕೇಳುವುದು ಇಷ್ಟು. ಶಾಲೆ ಪೂರ್ತಿಯೋ ಅರ್ಧವೋ ಮುಚ್ಚಿದಾಗ ಫೋನಿನಲ್ಲಿ, ಮನೆ ಬಾಗಿಲಲ್ಲಿ ಮಾಡಿದ ಪಾಠವನ್ನೂ ಕೆಲಸ ಅಂತ ಹಿಡಿಯುವ ಒಂದು ಆದೇಶ ಬರುವಂತೆ ಸದನದಲ್ಲಿ ಪ್ರಶ್ನೆ ಕೇಳಿ. ದೊಡ್ಡ ವ್ಯವಸ್ಥೆ ಬೇಕಿಲ್ಲ. ಕರೆಯ ದಿನ, ಮಗುವಿನ ಹೆಸರು, ಹೇಳಿದ ಪಾಠ ಬರೆದು ಹೆಡ್‌ಮಾಸ್ತರು ಸಹಿ ಮಾಡಿದರೆ ಸಾಕು. ಹಾಜರಿ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದರೆ ಆಗುವ ಕೆಲಸ. ನೇಮಕ ಜೂನ್‌ನಲ್ಲೇ ಆಗಲಿ, ಶಾಲೆ ತೆರೆಯಲಿ ಬಿಡಲಿ. ಕಾಯಂ ಶಿಕ್ಷಕರನ್ನು ಸರ್ವೆ, ಚುನಾವಣೆ ಅಂತ ಕರೆದೊಯ್ದಾಗ ಊರಲ್ಲಿ ಉಳಿಯುವವರು ನಾವು. ರೀಚಾರ್ಜ್ ಖರ್ಚನ್ನು ಶಾಲೆಯ ಅನುದಾನದಲ್ಲಿ ತೋರಿಸಲು ಅನುಮತಿ ಬೇಕು. ಅದಾಗದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕೇಳಿ. ನಮ್ಮ ಭಾಗ ಹಿಂದುಳಿದಿದೆ ಅಂತಲೇ ತಾನೇ ಸಂವಿಧಾನದಲ್ಲಿ ನಮಗೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದಿದ್ದು?

ಒಂದು ವಿಷಯಕ್ಕೆ ಮಾತ್ರ ಗಡಿ ಬೇಕು. ರಾತ್ರಿ ಒಂಬತ್ತರ ಮೇಲೆ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಇಲಾಖೆಯಿಂದ ಮಾಹಿತಿ ಕೇಳಿ ಮೆಸೇಜ್ ಬರಬಾರದು. ಮಗು ಕೇಳಿದರೆ ಹತ್ತಕ್ಕೂ ಹೇಳಿಕೊಡುತ್ತೇನೆ. ನಮೂನೆ ತುಂಬಲು ಆಗುವುದಿಲ್ಲ.

2020ರ ಆ ಒಂದನೇ ತರಗತಿ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅಂದು ಫೋನಿನಲ್ಲಿ ಬರೀ ಉಸಿರು ಕೇಳಿಸಿದ್ದ ಹುಡುಗಿ ಈಗ ತಾಯಿಯ ಬ್ಯಾಂಕ್ ಚೀಟಿ ತಾನೇ ತುಂಬುತ್ತಾಳೆ. ನೀವು ಕರೆದರೆ ಕಲಬುರಗಿಗೆ ಬರುತ್ತೇನೆ, ನೋಟ್‌ಬುಕ್ ತರುತ್ತೇನೆ. ಅವಳ ಹೆಸರು ಮೊದಲ ಪುಟದಲ್ಲೇ ಇದೆ.

ಇಂತಿ,
ಒಬ್ಬ ಅತಿಥಿ ಶಿಕ್ಷಕಿ
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ