ರಬ್ಬರ್ ಸ್ಟಾಂಪ್ ಅನ್ನುವ ಮುನ್ನ

ಮಾನ್ಯ ಸಂಪಾದಕರೇ,

ಸಂಸದೀಯ ಗಣರಾಜ್ಯದ ಚುನಾಯಿತ ಅಧ್ಯಕ್ಷರನ್ನು ‘ರಬ್ಬರ್ ಸ್ಟಾಂಪ್’ ಎಂದು ತಳ್ಳಿಹಾಕುವುದು ಸರಿಯಲ್ಲ. ಆಡಳಿತ ನಡೆಸುವುದು ಮಂತ್ರಿಮಂಡಲ, ನಿಜ. ಆದರೆ ಸಹಿ ಹಾಕುವ ಮೊದಲು ‘ಇನ್ನೊಮ್ಮೆ ಯೋಚಿಸಿ’ ಎನ್ನಲು ಒಬ್ಬರು ಬೇಕು, ಅಲ್ವಾ?

ಐರ್ಲೆಂಡ್ ನೋಡಿ. ಅಲ್ಲಿ ಜನರೇ 7 ವರ್ಷಕ್ಕೆ ಅಧ್ಯಕ್ಷರನ್ನು ಆರಿಸುತ್ತಾರೆ. ಮಸೂದೆಯ ಬಗ್ಗೆ ಅನುಮಾನ ಬಂದರೆ ಅವರು ಅದನ್ನು ಸುಪ್ರೀಂ ಕೋರ್ಟ್‌ಗೆ ಕಳಿಸಬಹುದು. 1990ರಲ್ಲಿ ಗೆದ್ದ ಮೇರಿ ರಾಬಿನ್‌ಸನ್, ದೇಶ ಬಿಟ್ಟು ಹೋದವರ ನೆನಪಿಗೆ ತಮ್ಮ ನಿವಾಸದ ಅಡುಗೆಮನೆ ಕಿಟಕಿಯಲ್ಲಿ ದೀಪ ಇಟ್ಟರು. ಯಾವ ಕಾನೂನೂ ಹಾಗೆ ಮಾಡಿ ಎಂದಿರಲಿಲ್ಲ! ಭಾರತದಲ್ಲೂ 1997ರಲ್ಲಿ ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್, ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ವಾಪಸ್ ಕಳಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು.

ಆದರೆ ಮಸೂದೆಗೆ ರಾಷ್ಟ್ರಪತಿ ಅಂಕಿತದ ಬಗ್ಗೆ ಹೇಳುವ ನಮ್ಮ ಸಂವಿಧಾನದ 111ನೇ ವಿಧಿಯಲ್ಲಿ ಸಹಿಗೆ ಇಂತಿಷ್ಟೇ ದಿನ ಎಂಬ ಗಡುವಿಲ್ಲ. 1986ರ ಅಂಚೆ ತಿದ್ದುಪಡಿ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಸುಮ್ನೆ ಹಾಗೇ ಇಟ್ಟುಕೊಂಡರು. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ಜನರಿಗೆ ತಿಳಿಯುವುದು ಹೇಗೆ? ಆದ್ದರಿಂದ ಸಹಿಗೆ ಒಂದು ಗಡುವು ಇಡಲಿ. ಮಸೂದೆ ವಾಪಸ್ ಹೋದರೆ ಕಾರಣವನ್ನು ಲಿಖಿತವಾಗಿ ಜನರ ಮುಂದಿಡುವುದು ಕಡ್ಡಾಯವಾಗಲಿ.

– ಒಬ್ಬ ಓದುಗ