ದೂರು: 84ನೇ ನಿಮಿಷಕ್ಕೆ ಫುಟ್‌ಬಾಲ್ ಕಾಮೆಂಟರಿ ನಿಲ್ಲಿಸಿ ಹಾಡು ಹಾಕಿದ್ದರ ಬಗ್ಗೆ

ರೇಡಿಯೋ ಸ್ಟೇಷನ್ ಮ್ಯಾನೇಜರ್ ಅವರಿಗೆ,

ನಮಸ್ಕಾರ.

ಪತ್ರ ಕನ್ನಡದಲ್ಲಿದೆ ಅಂತ ಪಕ್ಕಕ್ಕಿಡಬೇಡಿ. ಇಂಗ್ಲಿಷ್‌ನಲ್ಲಿ ಮೂರು ಇಮೇಲ್ ಕಳಿಸಿದೆ. ಮೂರು ಸಲ ಫೋನ್ ಮಾಡಿದೆ. ಅಷ್ಟರಲ್ಲೂ ‘ಪ್ಲೀಸ್’, ‘ಸಾರಿ’ ಹೇಳಿದವನು ನಾನೊಬ್ಬನೇ. ಇನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ. ನಾನು ಹೇಳಿದ್ದನ್ನು ಮಗಳು ಟೈಪ್ ಮಾಡುತ್ತಿದ್ದಾಳೆ. ಇಂಗ್ಲಿಷ್‌ಗೆ ತಿರುಗಿಸಿ ಜೊತೆಗಿಡುವವಳೂ ಅವಳೇ. ಒಂದು ಮಾತನ್ನೂ ಮೆತ್ತಗೆ ಮಾಡಬೇಡ ಅಂತ ಹೇಳಿದ್ದೇನೆ.

ಮೊದಲು ನಡೆದದ್ದು. ಏಪ್ರಿಲ್ ಕೊನೆಯ ಶನಿವಾರ, ಸೀಸನ್‌ನ ಕೊನೆಯ ಆಟ. ನಮ್ಮೂರ ಕ್ಲಬ್ ಗೆದ್ದರೆ ಮೊದಲ ಏಳರಲ್ಲಿ ಉಳಿದು ಪ್ಲೇಆಫ್‌ಗೆ ಹೋಗುತ್ತದೆ. ಡ್ರಾ ಆದರೆ ಮನೆಗೆ. ನಾವು ಆಡುವ, ಇಂಗ್ಲೆಂಡಿನ ಆರನೇ ಹಂತದ ನ್ಯಾಷನಲ್ ಲೀಗ್ ಸೌತ್‌ನಲ್ಲಿ ಮೊದಲ ಸ್ಥಾನದವರು ನೇರ ಮೇಲೆ ಹೋಗುತ್ತಾರೆ, ಎರಡರಿಂದ ಏಳರವರೆಗಿನವರು ಉಳಿದ ಒಂದು ಜಾಗಕ್ಕೆ ಬಡಿದಾಡುತ್ತಾರೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ವಾರವೆಲ್ಲ ನಿಮ್ಮ ಬೆಳಗಿನ ಕಾರ್ಯಕ್ರಮದಲ್ಲಿ ನೀವೇ ಹೇಳಿದಿರಿ: “ಶನಿವಾರ ಪೂರ್ತಿ ಆಟದ ಕಾಮೆಂಟರಿ, ನಮ್ಮಲ್ಲಿ ಮಾತ್ರ.” ಪೂರ್ತಿ ಆಟ ಅಂದಿರಿ. ಆ ಮಾತು ನೆನಪಿರಲಿ.

84ನೇ ನಿಮಿಷ. ಸ್ಕೋರ್ 1-1. ನಮಗೆ ಕಾರ್ನರ್ ಸಿಕ್ಕಿದೆ. ಕಾಮೆಂಟರಿ ಹೇಳುತ್ತಿದ್ದ ನಿಮ್ಮ ಹುಡುಗ “ಗೋಲ್‌ಕೀಪರ್ ಕೂಡ ಮೇಲೆ ಹೋಗಲಾ ಅಂತ ಬೆಂಚಿನ ಕಡೆ ನೋಡ್ತಿದಾನೆ” ಅಂದ. ಅಲ್ಲಿಗೆ ದನಿ ಕಡಿದುಹೋಯಿತು. ಲೈನ್ ಹೋಗಿದ್ದಲ್ಲ. ನಾಲ್ಕೂ ಮುಕ್ಕಾಲಿಗೆ ಶುರುವಾಗಬೇಕಿದ್ದ ಹಾಡುಗಳ ಕಾರ್ಯಕ್ರಮವನ್ನು ನಿಮ್ಮ ಕಂಪ್ಯೂಟರ್ ಸರಿಯಾಗಿ ಶುರು ಮಾಡಿತು. ಅದನ್ನು ತಡೆಯೋಕೆ ಸ್ಟುಡಿಯೋದಲ್ಲಿ ಒಬ್ಬರೂ ಇರಲಿಲ್ಲ. ಬಂದ ಹಾಡನ್ನು ಆ ವಾರ ನಿಮ್ಮಲ್ಲೇ ಐದು ಸಲ ಕೇಳಿದ್ದೆ. ಆರನೇ ಸಲಕ್ಕೆ ಹತ್ತು ನಿಮಿಷ ಕಾಯೋಕೆ ಅದಕ್ಕೇನು ಬಸ್ ತಪ್ಪಿಹೋಗ್ತಿತ್ತಾ?

ಐದು ಗಂಟೆಗೆ ಕ್ರೀಡಾ ಸುದ್ದಿ ಬಂತು. ಓದಿದವರು ಸ್ಕೋರ್ 1-1 ಅಂದರು. “ಅಲ್ಲಿಗೆ ಈ ಸೀಸನ್ ಮುಗೀತು” ಅಂತಲೂ ಸೇರಿಸಿದರು.

ನಾನು ನಂಬಿದೆ. ಇಪ್ಪತ್ತೆರಡು ವರ್ಷ ನಿಮ್ಮನ್ನು ಕೇಳಿದವನು, ಬೇರೆ ಯಾರನ್ನಾದರೂ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಹೆಂಡತಿ ಆಸ್ಪತ್ರೆ ಡ್ಯೂಟಿ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಂದಾಗ ರೇಡಿಯೋ ಆಫ್ ಮಾಡಿ, ದೀಪವೂ ಹಾಕದೆ ಕೂತಿದ್ದೆ. ಅವಳು ಬಡಿಸಿದ ಅನ್ನ ಸಾರು ಹಾಗೇ ಇತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಗೆಳೆಯ ಫೋನ್ ಮಾಡಿ, “ಕೇಳಿದ್ಯಾ ಆ ಗೋಲು?” ಅಂತ ಕೂಗಿದ. ಇಂಜುರಿ ಟೈಮಿನ ಎರಡನೇ ನಿಮಿಷದಲ್ಲಿ ನಾವು ಗೋಲು ಹೊಡೆದಿದ್ದೆವು. 2-1. ಊರೆಲ್ಲ ಕುಣಿಯುತ್ತಿದ್ದ ರಾತ್ರಿ ನಾನೊಬ್ಬ ಸೂತಕದಲ್ಲಿದ್ದವನ ಹಾಗೆ ಕೂತಿದ್ದೆ. ಆ ಗೋಲನ್ನು ನನಗೆ ಇನ್ನು ಯಾರೂ ವಾಪಸ್ ಕೊಡೋಕಾಗಲ್ಲ. ತಪ್ಪು ಸ್ಕೋರ್ ಓದಿದ್ದಕ್ಕೆ ನಿಮ್ಮಿಂದ ಒಂದು ತಿದ್ದುಪಡಿಯೂ ಬರಲಿಲ್ಲ.

ನನಗೆ ಗ್ಲಾಕೋಮಾ. ನಾಲ್ಕು ವರ್ಷದಿಂದ ಆಟ ಕಾಣುವಷ್ಟು ಕಣ್ಣಿಲ್ಲ. ಬೆಳಕು, ನೆರಳು ಗೊತ್ತಾಗುತ್ತದೆ, ಚೆಂಡು ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಶನಿವಾರದ ಆಟ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಒಂದು ರಟ್ಟಿನ ಮೇಲೆ ಹೆಂಡತಿ ಸೆಣಬಿನ ದಾರ ಅಂಟಿಸಿ ಎಂಟು ಚೌಕ ಮಾಡಿಕೊಟ್ಟಿದ್ದಾಳೆ. ಮುಟ್ಟಿದರೆ ಗೆರೆ ಸಿಗುತ್ತದೆ. ಚೆಂಡಿನ ಬದಲು ಒಂದು ಹುಣಸೆ ಬೀಜ. ಚೌಕಾಬಾರ ಆಡೋಕೆ ಊರಿಂದ ತಂದಿದ್ದ ಬೀಜಗಳಲ್ಲೇ ಒಂದು, ಒಂದು ಬದಿ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. ನಿಮ್ಮಲ್ಲಿ ಮೊದಲಿದ್ದ ಕಾಮೆಂಟೇಟರ್ “ಎಡಗಡೆ, ಹಾಫ್‌ವೇ ಲೈನ್ ಹತ್ತಿರ” ಅಂದರೆ ನನ್ನ ಬೆರಳು ಬೀಜವನ್ನು ಅಲ್ಲಿಗೆ ಸರಿಸುತ್ತಿತ್ತು. ಆ ಪುಣ್ಯಾತ್ಮರು ಸಂಬಳವಿಲ್ಲದೆ, ಮಳೆಯಲ್ಲಿ ಕೊಡೆ ಹಿಡಿದು, ಪರವೂರಿನ ಆಟಕ್ಕೂ ತಮ್ಮ ಕಾರಲ್ಲೇ ಹೋಗಿ ಬರುತ್ತಿದ್ದರು. ಅವರಿದ್ದಾಗ ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಸ್ಕೋರ್ ಎಷ್ಟು, ಸಮಯ ಎಷ್ಟು ಅನ್ನೋದು ಎರಡು ನಿಮಿಷಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು.

ಎಂಟು ಚೌಕ ನನ್ನ ತಲೆಯಿಂದ ಬಂದದ್ದಲ್ಲ. ರೇಡಿಯೋ ನಡೆಸುವ ನಿಮಗೆ ಇದು ಗೊತ್ತಿರಲೇಬೇಕು. 1927ರ ಜನವರಿ 22, ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್‌ಗೂ ಶೆಫೀಲ್ಡ್ ಯುನೈಟೆಡ್‌ಗೂ ಆಟ. ಈ ದೇಶದ ರೇಡಿಯೋದಲ್ಲಿ ಮೊದಲ ಸಲ ಫುಟ್‌ಬಾಲ್ ಕಾಮೆಂಟರಿ ಬಂದದ್ದು ಅವತ್ತು. ಮೈದಾನವನ್ನು ಎಂಟು ಚೌಕ ಮಾಡಿದ ಚಿತ್ರ ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಒಬ್ಬರು ಆಟ ವಿವರಿಸುತ್ತಿದ್ದರೆ ಇನ್ನೊಬ್ಬರು ಚೆಂಡು ಯಾವ ಚೌಕದಲ್ಲಿದೆ ಅಂತ ನಂಬರ್ ಹೇಳುತ್ತಿದ್ದರು. ಮನೆಯಲ್ಲಿ ಕೂತವನಿಗೆ ಚೆಂಡು ಎಲ್ಲಿದೆ ಅಂತ ಗೊತ್ತಾಗಬೇಕು ಅನ್ನೋ ಕಾಳಜಿ ಅವರಿಗೆ ಮೊದಲ ದಿನವೇ ಇತ್ತು.

ಈಗ ಮೂರನೇ ಫೋನಿನ ವಿಷಯ. ಈ ಪತ್ರ ಬರೆಸಿದ್ದು ಅದೇ.

ಮಂಗಳವಾರ ಬೆಳಿಗ್ಗೆ ಹತ್ತೂವರೆ. ಹೆಂಡತಿಗೆ ರಜೆ, ಅಡುಗೆಮನೆಯಲ್ಲಿ ದೋಸೆ ಹಾಕುತ್ತಿದ್ದಳು. ನಂಬರ್ ಒತ್ತಿಕೊಟ್ಟು, ಸ್ಪೀಕರ್ ಹಾಕಿ, ಫೋನನ್ನು ಟೇಬಲ್ ಮೇಲಿಟ್ಟಳು. ಇಪ್ಪತ್ತಾರು ನಿಮಿಷ ಕಾಯಿಸಿದಿರಿ. ಅಷ್ಟೂ ಹೊತ್ತು “ನಿಮ್ಮೂರು, ನಿಮ್ಮ ದನಿ” ಅನ್ನುವ ನಿಮ್ಮ ಜಾಹೀರಾತು. ಆಮೇಲೆ ಒಬ್ಬ ಹುಡುಗ ಎತ್ತಿಕೊಂಡ. ಹೆಸರು ಕೇಳಿದ. ಹೇಳಿದೆ. ಒಂದೊಂದೇ ಅಕ್ಷರ ಹೇಳಿ ಅಂದ. ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲ, “ಇರಲಿ ಬಿಡಿ, ಮೊದಲ ಅಕ್ಷರ ಬರ್ಕೊಂಡಿದೀನಿ” ಅಂದ.

“ಕ್ರಿಕೆಟ್ ವಿಷಯಾನಾ?” ಅಂತ ಕೇಳಿದ.

ಅಲ್ಲಪ್ಪ, ಫುಟ್‌ಬಾಲ್ ಅಂದೆ.

“ಓ, ಲಿವರ್‌ಪೂಲಾ? ಮ್ಯಾಂಚೆಸ್ಟರಾ?”

ನಮ್ಮೂರ ಕ್ಲಬ್ಬು ಅಂದೆ. ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, “ನೀವು ಅವರ ಆಟ ಕೇಳ್ತೀರಾ?” ಅಂದ. ‘ನೀವು’ ಅನ್ನೋದನ್ನು ಒತ್ತಿ ಹೇಳಿದ. ಕಣ್ಣು ಹೋದವನಿಗೆ ಕಿವಿ ಸೂಕ್ಷ್ಮ ಇರುತ್ತದೆ.

ಆದದ್ದನ್ನೆಲ್ಲ ಹೇಳಿದೆ. “ಸಣ್ಣ ಕ್ಲಬ್ ಅಲ್ವಾ ಸರ್, ಕೇಳೋರು ಕಡಿಮೆ. ಸ್ಕೋರ್ ಆನ್‌ಲೈನ್‌ನಲ್ಲಿ ನೋಡಬಹುದಲ್ಲ” ಅಂದ. ನನಗೆ ಕಣ್ಣು ಕಾಣಿಸಲ್ಲ ಅಂದೆ. “ಹಾಗಾದ್ರೆ ಮನೇಲಿ ಯಾರಾದ್ರೂ ಓದಿ ಹೇಳಲ್ವಾ?” ಅಂದ. ಆಮೇಲೆ ಫೋನನ್ನು ಕೈಯಿಂದ ಮುಚ್ಚಿಕೊಂಡ. ಸರಿಯಾಗಿ ಮುಚ್ಚಿರಲಿಲ್ಲ. ಪಕ್ಕದಲ್ಲಿದ್ದವರಿಗೆ, “ಯಾರೋ ಇಂಡಿಯನ್ ತಾತ, ನಮ್ಮ ಕ್ಲಬ್ ಬಗ್ಗೆ ಜಗಳ ಆಡ್ತಿದಾನೆ” ಅಂದ. ಇಬ್ಬರು ನಕ್ಕರು. ನಮ್ಮ ಕ್ಲಬ್ ಅಂದ, ಕೇಳಿಸಿತಾ ನಿಮಗೆ? ಕ್ಲಬ್ ಅವನದು. ನಾನು ಯಾರೋ.

ವಾಪಸ್ ಬಂದು, “ನಿಮ್ಮ ಕಮ್ಯುನಿಟಿಗೆ ಭಾನುವಾರ ಸಂಜೆ ಏಳಕ್ಕೆ ಒಳ್ಳೆ ಪ್ರೋಗ್ರಾಂ ಇದೆ ಸರ್, ಅದನ್ನ ಕೇಳಿ” ಅಂದ. ನಾನು ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟೆ. ಅಡುಗೆಮನೆಯಲ್ಲಿ ದೋಸೆ ಸೀದ ವಾಸನೆ ಬಂತು. ಅವಳು ಕಾವಲಿ ಕಡೆ ನೋಡುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಅವಳೆದುರು ನನ್ನನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲ. ಆ ಥ್ಯಾಂಕ್ಸ್ ಯಾಕೆ ಹೇಳಿದೆ ಅಂತ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ.

ಅವತ್ತು ನಾಲಿಗೆಗೆ ಬರದಿದ್ದ ಉತ್ತರ ಈಗ ಹೇಳುತ್ತೇನೆ. ಆ ಹುಡುಗನಿಗೆ ಓದಿ ಹೇಳಿ.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನವನು. ಅಶೋಕನಗರದ ಸ್ಟೇಡಿಯಂನಲ್ಲಿ ಐಟಿಐ, ಎಚ್‌ಎಎಲ್ ಆಟ ನೋಡಿಕೊಂಡು ಬೆಳೆದವನು. ನಮ್ಮ ಕಡೆ ಹುಡುಗರು ನಡೆಯೋದಕ್ಕಿಂತ ಮೊದಲು ಚೆಂಡು ಒದೆಯುತ್ತಾರೆ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ, ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಜಾಸ್ತಿ ಜನ ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕೈಬಿಟ್ಟು 2-1ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಟೀಮಿನ ಅಹ್ಮದ್ ಖಾನ್ ಕೂಡ ನಮ್ಮ ಬೆಂಗಳೂರಿನವರೇ. ಆಟ ನಡೆದದ್ದು ದೊಡ್ಡ ವೆಂಬ್ಲಿ ಸ್ಟೇಡಿಯಂನಲ್ಲಲ್ಲ, ಲಂಡನ್ ಅಂಚಿನ ಇಲ್ಫರ್ಡ್‌ನಲ್ಲಿ. ಇವತ್ತಿಗೂ ನಾನ್-ಲೀಗ್ ಕ್ಲಬ್, ಅಂದರೆ ಮೇಲಿನ ನಾಲ್ಕು ಡಿವಿಷನ್‌ಗಳ ಕೆಳಗಿನ ಕ್ಲಬ್, ಇರುವ ಊರು ಅದು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಆಟ ನಡೆದದ್ದೇ ನಿಮ್ಮ ಹುಡುಗ ‘ಸಣ್ಣ’ ಅನ್ನುವಂಥ ಜಾಗದಲ್ಲಿ. ನನ್ನ ಕಮ್ಯುನಿಟಿ ಯಾವುದು ಅಂತ ಕೇಳಿದರೆ, ಗೋಲಿನ ಹಿಂದಿನ ಸ್ಟ್ಯಾಂಡ್, ಹದಿನೆಂಟು ವರ್ಷ ನಾನು ನಿಂತ ಜಾಗ.

ಸಣ್ಣ ಕ್ಲಬ್ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. 1972ರಲ್ಲಿ ಹೆರೆಫರ್ಡ್ ದೊಡ್ಡ ಕ್ಲಬ್ಬಾದ ನ್ಯೂಕ್ಯಾಸಲ್‌ನ ಸೋಲಿಸಿದಾಗ, 1989ರಲ್ಲಿ ಸಟನ್ ಯುನೈಟೆಡ್ ಕೊವೆಂಟ್ರಿಯನ್ನು ಮನೆಗೆ ಕಳಿಸಿದಾಗ ಅವು ಸಣ್ಣ ಕ್ಲಬ್ಬುಗಳೇ. 2024ರ ಜನವರಿಯಲ್ಲಿ ಇಪ್ಸ್‌ವಿಚ್‌ಗೆ ಹೋಗಿ 2-1ರಲ್ಲಿ ಗೆದ್ದು ಬಂದ ಮೇಡ್‌ಸ್ಟೋನ್ ಆಡುತ್ತಿದ್ದದ್ದು ನಮ್ಮ ಲೀಗಿನಲ್ಲೇ. ದೊಡ್ಡವರೂ ಸಣ್ಣವರೂ ಒಟ್ಟಿಗೆ ಆಡುವ ಎಫ್‌ಎ ಕಪ್‌ನಲ್ಲಿ ನಮ್ಮಂಥವರು ಎರಡನೇ ಕ್ವಾಲಿಫೈಯಿಂಗ್ ರೌಂಡಿನಿಂದ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬರಬೇಕು. ಒಂದು ವರ್ಷ ನಮ್ಮವರು ಮೊದಲ ರೌಂಡಿಗೆ ಬಂದಾಗ ನೀವು ಮೂರು ಜನರನ್ನು ಕಳಿಸಿದಿರಿ, ಊರ ಹೆಮ್ಮೆ ಅಂತ ದಿನವಿಡೀ ಹೇಳಿದಿರಿ. ಮಂಗಳವಾರ ರಾತ್ರಿ, ಮಂಜಿನಲ್ಲಿ, ಮುನ್ನೂರು ಜನರ ಮುಂದೆ ಆಡುವಾಗ ಆ ಹೆಮ್ಮೆ ಎಲ್ಲಿ ಹೋಗಿತ್ತು?

ಶನಿವಾರ 2.45ರಿಂದ 5.15ರವರೆಗೆ ಈ ದೇಶದಲ್ಲಿ ಟಿವಿಯಲ್ಲಿ ಫುಟ್‌ಬಾಲ್ ನೇರವಾಗಿ ತೋರಿಸುವಂತಿಲ್ಲ. ಮೈದಾನಕ್ಕೆ ಹೋಗಲಾಗದ ಮುದುಕರು, ರೋಗಿಗಳು, ಲಾರಿ ಓಡಿಸುವವರು, ನನ್ನಂಥ ಕಣ್ಣಿಲ್ಲದವರು ಆ ಹೊತ್ತಿನಲ್ಲಿ ಏನು ಮಾಡಬೇಕು? ದೊಡ್ಡ ಕ್ಲಬ್ಬಿಗೆ ಹತ್ತು ದಾರಿ ಇದೆ. ನಮಗಿದ್ದದ್ದು ನೀವೊಬ್ಬರೇ. ದುಡ್ಡಿಲ್ಲ ಅಂತ ಹೇಳಬೇಡಿ. ಕ್ಲಬ್ ಕಚೇರಿಯಲ್ಲಿ ಕೇಳಿದ್ದೇನೆ, ಕೂರೋಕೆ ಜಾಗ, ಇಂಟರ್ನೆಟ್, ಚಹಾ ಎಲ್ಲ ಬಿಟ್ಟಿ ಕೊಡೋಕೆ ಅವರು ತಯಾರಿದ್ದಾರೆ. ಬೇಕಾಗಿರೋದು ಒಬ್ಬ ಮನುಷ್ಯ, ಮತ್ತೆ ಸ್ಟುಡಿಯೋದಲ್ಲಿ ಹಾಡು ತಡೆಯೋಕೆ ಒಂದು ಬೆರಳು.

ಪ್ಲೇಆಫ್ ದಿನ ನಿಮ್ಮಲ್ಲಿ ಕಾಮೆಂಟರಿಯೇ ಇರಲಿಲ್ಲ. ಗೆಳೆಯ ಸ್ಟ್ಯಾಂಡಿನಿಂದ ಫೋನ್ ಮಾಡಿ, ಮೊಬೈಲ್ ಎತ್ತಿ ಹಿಡಿದ. ಜನರ ಗದ್ದಲ, ಗಾಳಿ, ನಡುನಡುವೆ ಅವನ ಉಸಿರು. ರಟ್ಟಿನ ಮೇಲೆ ಬೀಜ ಎಲ್ಲಿಡಬೇಕು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ನಲವತ್ತು ನಿಮಿಷಕ್ಕೆ ಅವನ ಬ್ಯಾಟರಿ ಮುಗಿಯಿತು. ಸೋತದ್ದು ಸಂಜೆ ಗೊತ್ತಾಯಿತು.

ನೀವು ಕಮ್ಯುನಿಟಿ ರೇಡಿಯೋ. ಲೈಸೆನ್ಸ್ ಪಡೆಯುವಾಗ ಊರಿಗೆ ಏನು ಮಾಡುತ್ತೀರಿ ಅಂತ ಪ್ರಸಾರ ನಿಯಂತ್ರಿಸುವ ಆಫ್‌ಕಾಮ್‌ಗೆ ಮುಖ್ಯ ಬದ್ಧತೆಗಳ ಪಟ್ಟಿ ಬರೆದುಕೊಟ್ಟಿದ್ದೀರಿ. ಅದು ಎಲ್ಲರೂ ಓದಬಹುದಾದ ಕಾಗದ. ಮಗಳು ಓದಿ ಹೇಳಿದಳು. ಸ್ಥಳೀಯ ಕ್ರೀಡೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹಾಡಿನ ಕಂಪ್ಯೂಟರ್ ಸ್ಥಳೀಯವೂ ಅಲ್ಲ, ಕ್ರೀಡೆಯೂ ಅಲ್ಲ.

ಮೊದಲ ಇಮೇಲ್‌ನಲ್ಲಿ ನಾನು ಕೇಳಿದ್ದು ತಪ್ಪು ಸ್ಕೋರಿಗೆ ಒಂದು ತಿದ್ದುಪಡಿ, ಮುಂದಿನ ಸೀಸನ್‌ಗೆ ಪೂರ್ತಿ ತೊಂಬತ್ತು ನಿಮಿಷದ ಕಾಮೆಂಟರಿ, ಅಷ್ಟೇ. ಅದು ಈಗಲೂ ಹಾಗೇ ಇದೆ. ಆ ಹುಡುಗನನ್ನು ಕೆಲಸದಿಂದ ತೆಗೆಯಬೇಡಿ. ಅವನು ನಮ್ಮನೆಗೆ ಫೋನ್ ಮಾಡಲಿ. ಅವನೂ ನನ್ನ ಹೆಂಡತಿಗೆ ಕೇಳುವ ಹಾಗೆ ಮಾತಾಡಲಿ.

ತಿಂಗಳಿಗೆ 5 ಪೌಂಡ್ ನಿಮಗೆ ಕೊಡುತ್ತಿದ್ದೆ, ಇವತ್ತು ಬೆಳಿಗ್ಗೆ ನಿಲ್ಲಿಸಿದ್ದೇನೆ. ಸ್ಟ್ಯಾಂಡಿನ ಗೆಳೆಯರು ಮೂವತ್ತೊಂದು ಜನ ಸಹಿ ಹಾಕಿ ಕೊಟ್ಟಿದ್ದಾರೆ. ಇನ್ನಷ್ಟು ಬರುತ್ತವೆ. ನಿಮ್ಮ ಲೈಸೆನ್ಸ್ ಮುಂದುವರಿಸುವ ಸಮಯ ಬಂದಾಗ ಆ ಸಹಿಗಳು ಆಫ್‌ಕಾಮ್ ಮೇಜಿನ ಮೇಲಿರುತ್ತವೆ.

ಮತ್ತೊಂದು ವಿಷಯ. ಪ್ರಸಾರ ಮಾಡಿದ್ದರ ರೆಕಾರ್ಡಿಂಗನ್ನು ನೀವು 42 ದಿನ ಇಟ್ಟುಕೊಳ್ಳಬೇಕು. ಅದು ನಿಮ್ಮದೇ ನಿಯಮ, ನಿಮಗೆ ಗೊತ್ತು. ಇವತ್ತಿಗೆ 19 ದಿನ ಆಯಿತು. ಆ ಶನಿವಾರದ 84ನೇ ನಿಮಿಷವೂ, ಐದು ಗಂಟೆಯ ಸುಳ್ಳು ಸ್ಕೋರೂ ಅದರಲ್ಲಿವೆ. ಅಳಿಸಿಹೋಯಿತು ಅನ್ನೋ ಉತ್ತರ ನನಗೆ ಬರಕೂಡದು. ಇನ್ನು 23 ದಿನ ಇದೆ, ಈ ಪತ್ರದ ಪ್ರತಿ ಇವತ್ತೇ ಆಫ್‌ಕಾಮ್‌ಗೂ ಹೋಗಿದೆ.

ಇಂತಿ,
22 ವರ್ಷದ ನಿಮ್ಮ ಕೇಳುಗ